ಪೀಜುವನ್ನು ಕರೆಯುತ್ತಿದ್ದ ದನಿ

ಬೇರೆ ಓನರಮ್ಮಂದಿರ ಸೊಂಟದಲ್ಲಿ ಬೀಗದ ಕೈ ಗೊಂಚಲು ನೇತಾಡುತ್ತದೆ. ನಮ್ಮ ಗೌರಮ್ಮನವರ ಸೊಂಟದಲ್ಲಿ ಟೆಸ್ಟರ್ ಇರುತ್ತಿತ್ತು. ಹಳದಿ ಹಿಡಿ, ಸುಟ್ಟು ಕಪ್ಪಾದ ತುದಿ. ಅದನ್ನು ಸೀರೆ ನೆರಿಗೆಯ ಪಕ್ಕ ಸಿಕ್ಕಿಸಿಕೊಂಡು ಅವರು ಮೆಟ್ಟಿಲು ಹತ್ತಿ ಬರುತ್ತಿದ್ದರೆ ಯಾರ ಮನೆಯ ಫ್ಯಾನಿಗೆ ಇವತ್ತು ಗ್ರಹಚಾರ ಎಂದು ಎಲ್ಲ ಬಾಡಿಗೆದಾರರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮದುವೆಗೆ ರೇಷ್ಮೆ ಸೀರೆ ಉಟ್ಟು ಹೊರಟಾಗಲೂ ಟೆಸ್ಟರ್ ಸೊಂಟ ಬಿಡುತ್ತಿರಲಿಲ್ಲ. ಕೇಳಿದರೆ, "ಛತ್ರದಾಗೆ ಸೀರಿಯಲ್ ಸೆಟ್ ಆಕಿರ್ತಾರೆ. ಕಂಬದಾಗೆ ಕರೆಂಟ್ ಬತ್ತಾ ಅದಾ ಇಲ್ವಾ ಅಂತ ಯಾವನ್ಲಾ ನೋಡಿರ್ತಾನೆ?" ಅನ್ನುತ್ತಿದ್ದರು. ಮದುಮಕ್ಕಳಿಗೆ ಅಕ್ಷತೆ ಹಾಕುವ ಮೊದಲು ಮಂಟಪದ ಕಂಬಕ್ಕೆ ಟೆಸ್ಟರ್ ಇಟ್ಟು ನೋಡಿದ ಏಕೈಕ ಹೆಂಗಸು ಅವರೇ ಇರಬೇಕು.

ನಮ್ಮದು ಎಲೆಕ್ಟ್ರಾನಿಕ್ ಸಿಟಿಯ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಕೂತ ಊರು. ಗೌರಮ್ಮನವರ ಮನೆತನ ಅಲ್ಲಿ ಗೋಡೆಗಿಂತ ಹಳೆಯದು. ಗೋಡೆಯಾಚೆಯ ಗಾಜಿನ ಕಟ್ಟಡವನ್ನು ತೋರಿಸಿ, "ನಮ್ ಉಳ್ಳಿ ಒಲದ್ ಮ್ಯಾಲೆ ಎಸಿ ಆಕ್ಕಂಡು ಕುಂತವ್ರೆ. ಆಗ ನಾವ್ ಬಿಸ್ಲಾಗೆ ಕುಯ್ದಿದ್ದು ದಂಡ" ಎಂದು ನಗುತ್ತಿದ್ದರು. ಉಳಿದ ಜಾಗದಲ್ಲಿ ಮೂರಂತಸ್ತು ಕಟ್ಟಿಸಿ, ಕೆಳಗೆ ತಾವು ಮತ್ತು ಮಗಳು ಮಂಜುಳಕ್ಕ ಇದ್ದರು. ಮಂಜುಳಕ್ಕ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಸೂಪರ್‌ವೈಸರ್. ಅವರ ಮೇಲಿನ ಮನೆಯಲ್ಲಿ ನನ್ನಮ್ಮ ಮತ್ತು ನಾನು.

ನನ್ನ ಪರಿಚಯ ಬೇಗ ಮುಗಿಯುತ್ತದೆ. ಎತ್ತರ ಇಲ್ಲ, ಮೈಕಟ್ಟು ಇಲ್ಲ. ಇರುವುದು ಗಂಟಲೊಂದು, ಅದೂ ಬೇರೆಯವರದು. ಕಂಪನಿಯೊಂದರ ಟ್ರಾನ್ಸ್‌ಪೋರ್ಟ್ ಡೆಸ್ಕಿನಲ್ಲಿ ಕೂತು ದಿನವಿಡೀ ಕ್ಯಾಬ್ ಡ್ರೈವರುಗಳ ಜೊತೆ ಮಾತಾಡುವ ಕೆಲಸ. ಅತ್ತಿಬೆಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಡ್ರೈವರ್ "ಬಂದ್ಬಿಟ್ಟೆ ಸಾರ್, ಗೇಟ್ ಹತ್ರನೇ ಇದೀನಿ" ಎಂದು ಹೇಳುವ ಸುಳ್ಳನ್ನು ಅದೇ ಡ್ರೈವರಿಗೆ ಅವನದೇ ದನಿಯಲ್ಲಿ ಹೇಳಿ ತೋರಿಸಬಲ್ಲೆ. ಮ್ಯಾನೇಜರ್, ಸೆಕ್ಯುರಿಟಿ, ತರಕಾರಿ ಗಾಡಿಯವನು, ಲಿಫ್ಟಿನೊಳಗಿನ ಹೆಣ್ಣುದನಿ, ಎಲ್ಲರೂ ನನ್ನೊಳಗೆ ಬಾಡಿಗೆಗಿದ್ದರು. ಗೌರಮ್ಮ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಲೇ ರೇಡಿಯೋ" ಎನ್ನುತ್ತಿದ್ದರು.

ಅವರ ಮೊದಲ ಪಾಠ ನಮ್ಮ ಬಚ್ಚಲಮನೆಯಲ್ಲಿ ಆಯಿತು. ನಲ್ಲಿ ಸಡಿಲವಾಗಿದೆ ಎಂದು ಇಕ್ಕಳ ಹಿಡಿದು ಬಿಗಿ ಮಾಡಲು ಹೋದೆ. ನಲ್ಲಿ ಬುಡ ಮುರಿದು ಕೈಗೆ ಬಂತು. ಗೋಡೆಯಿಂದ ನೀರು ನೇರ ನನ್ನ ಮುಖಕ್ಕೆ. ಮೊದಲು ಕೈ ಒತ್ತಿದೆ, ಆಮೇಲೆ ಟವೆಲ್ ಒತ್ತಿದೆ, ಆಮೇಲೆ ಅಮ್ಮನನ್ನು ಕರೆದೆ. ಆಗ ನನ್ನ ಗಂಟಲಿನಿಂದ ಬಂದದ್ದು ಮಾತ್ರ ಅಪ್ಪಟ ನನ್ನ ದನಿ. ಗೌರಮ್ಮ ಬರುವಾಗಲೇ ಹೊರಗಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದ್ದರು. ಒಂದು ಕೈಯಲ್ಲಿ ಟೂಲ್ ಡಬ್ಬಿ, ಇನ್ನೊಂದರಲ್ಲಿ ನೀಲಿ ಪ್ಲಾಸ್ಟಿಕ್ ಸ್ಟೂಲು. ಕೂಡಲೇ ಕೆಲಸಕ್ಕೆ ಇಳಿಯುತ್ತಾರೆ ಅಂದುಕೊಂಡೆ. ಅವರು ಸ್ಟೂಲು ಹಾಕಿ ಮುರಿದ ನಲ್ಲಿಯ ಮುಂದೆ ಸುಮ್ಮನೆ ಕೂತರು.

"ಕುಂತ್ಕ" ಎಂದರು ನನಗೆ. ಕೂರಲು ಬಕೆಟ್ ಬಿಟ್ಟರೆ ಬೇರೇನಿರಲಿಲ್ಲ. ಬೋರಲು ಹಾಕಿ ಕೂತೆ.

"ಏನ್ ನೋಡ್ತಾ ಇದೀರಾ ಆಂಟಿ?"

"ಎಂಗ್ ಮುರ್ದದೆ ಅಂತ. ಮುರ್ದಿದ್ದು ಎಲ್ಲಿಗೂ ಓಡೋಗಕಿಲ್ಲ. ಓಡಾಡ್ತಿರೋನು ನೀನೊಬ್ನೇಯ."

ಇದು ಅವರ ಪದ್ಧತಿ. ಮಿಕ್ಸಿ ಹೊಗೆ ಬಿಡಲಿ, ಗೀಸರ್ ಸೋರಲಿ, ಮೊದಲು ಕರೆಂಟೋ ನೀರೋ ನಿಲ್ಲಿಸುವುದು, ಆಮೇಲೆ ಸ್ಟೂಲು ಹಾಕಿ ಕೂರುವುದು. ಕೂತು ನೋಡಿ ಮುಗಿದ ಮೇಲಷ್ಟೇ ಡಬ್ಬಿಯ ಮುಚ್ಚಳ ತೆಗೆಯುವುದು. ಅವತ್ತು ಹೊಸ ನಲ್ಲಿಗೆ ಬಿಳಿ ಟೇಪು ಸುತ್ತಲು ನನಗೇ ಕೊಟ್ಟರು. ನಾನು ಉಲ್ಟಾ ಸುತ್ತಿದೆ. "ನಲ್ಲಿ ಯಾವ ಕಡಿಕ್ ತಿರುಗ್ತದೋ ಆ ಕಡಿಕೇ ಸುತ್ತಲಾ. ಅದ್ರ ಎದುರ್ಗೆ ಸುತ್ತಿದ್ರೆ ಬಿಚ್ಕಂಡ್ ಬತ್ತದೆ" ಎಂದರು. ತಿರುಗಿಸುವಾಗ, "ಸಾಕು ಅನ್ಸೋಕೆ ಒಸಿ ಮುಂಚೇನೇ ನಿಲ್ಸು. ನಿನ್ ಶಕ್ತಿ ತೋರ್ಸೋಕೆ ಅದೇನ್ ಗರಡಿಮನೆಯಾ?" ಆ ನಲ್ಲಿ ಇವತ್ತಿಗೂ ಒಂದು ಹನಿ ಸೋರಿಲ್ಲ.

ಹಾಗೆಂದು ಅವರು ಮುಟ್ಟಿದ್ದೆಲ್ಲ ಸರಿಯಾಗುತ್ತಿತ್ತು ಎಂದರೆ ಅವರೇ ಒಪ್ಪುವುದಿಲ್ಲ. ತಮ್ಮ ಮನೆಯ ಕಾಲಿಂಗ್ ಬೆಲ್ಲನ್ನು ತಾವೇ ರಿಪೇರಿ ಮಾಡಿದರು. ಅಂದಿನಿಂದ ಗುಂಡಿ ಒತ್ತಿದರೆ ಬೆಲ್ ಸುಮ್ಮನಿರುತ್ತದೆ, ನೀರಿನ ಮೋಟಾರ್ ಹಾಕಿದರೆ ಟಿಂಗ್ ಟಾಂಗ್ ಅನ್ನುತ್ತದೆ. ಮಂಜುಳಕ್ಕ ಎಲೆಕ್ಟ್ರಿಷಿಯನ್ ಕರೆಸುತ್ತೇನೆ ಎಂದರೆ, "ಇರ್ಲಿ ಬುಡೇ. ಮನ್ಸ ಬಂದ್ರೆ ನಾಯಿ ಬೊಗುಳ್ತದೆ. ನೀರ್ ಬಂದ್ರೆ ಯಾರ್ ಬೊಗುಳ್ತಾರೆ?" ಎಂದು ಬಾಯಿ ಮುಚ್ಚಿಸಿದರು.

ಆ ನಾಯಿಯೇ ಪೀಜು. ಮನೆಯ ಫ್ಯೂಸ್ ಹೋದ ದಿನ ಮೀಟರ್ ಬೋರ್ಡಿನ ಕೆಳಗೆ ಒದ್ದೆಯಾಗಿ ಸಿಕ್ಕ ಬೀದಿಮರಿ. ನಾನು ಎಷ್ಟು ಸೊಗಸಾಗಿ "ಫ್ಯೂಸ್" ಎಂದು ಕರೆದರೂ ತಿರುಗುತ್ತಿರಲಿಲ್ಲ, ಪೀಜು ಎಂದರೆ ಮಾತ್ರ ಬಾಲ. ಅದನ್ನು ಸಾಕುವ ಕ್ರಮವೂ ರಿಪೇರಿಯ ಕ್ರಮವೇ. ಮಾತ್ರೆ ನುಂಗಿಸಬೇಕಾದರೆ ರಾಗಿಮುದ್ದೆಯ ಮೂರು ಉಂಡೆ. ಮೊದಲನೆಯದು ಬರೀ ಮುದ್ದೆ, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಮೂಗಿನ ಮುಂದೆ ಆಡಿಸುತ್ತಿದ್ದರೆ ಆ ಆಸೆಗೆ ಎರಡನೆಯದು ಅಗಿಯದೆ ಒಳಗೆ ಹೋಗುತ್ತದೆ. ಊಟದ ಹೊತ್ತಿಗೆ ತಟ್ಟೆ ಇಟ್ಟು, ಸ್ಟೂಲಿನ ಮೇಲೆ ಅದಕ್ಕೆ ಬೆನ್ನು ಹಾಕಿ ಕೂತು, ಸೌಟಿನಿಂದ ನೆಲ ತಟ್ಟಿ ಬೈಯಲು ಶುರು ಮಾಡುತ್ತಿದ್ದರು. "ಉಣ್ಣಲಾ ಮುಂಡೇದೇ. ಯಾರ್ ಮ್ಯಾಲಲಾ ನಿನ್ ಮುನ್ಸು? ನಿಂಗೇನ್ ತಟ್ಟೆ ಮುಂದೆ ಓಲಗ ಊದುಸ್ಬೇಕಾ?" ತಿರುಗಿ ನೋಡುವಂತಿಲ್ಲ. ಯಾಕೆಂದು ಕೇಳಿದ್ದೆ. "ಉಣ್ಣೋರ್ ಮಕ ನೋಡ್ಬಾರ್ದು. ನೋಡುದ್ರೆ ಗಂಟ್ಲಾಗೆ ನಿಂತ್ಕತದೆ. ನಾಯಾದ್ರೂ ಅಷ್ಟೇ, ನೆಂಟನಾದ್ರೂ ಅಷ್ಟೇ."

ಇಂಥ ದನಿ ಕೆಳಗಿನ ಮನೆಯಲ್ಲೇ ಇರುವಾಗ ನಾನು ಕದಿಯದೇ ಇರುತ್ತೇನೆಯೇ? ಒಂದು ಭಾನುವಾರ ಟೆರೇಸಿನಿಂದ ಅವರ ದನಿಯಲ್ಲಿ ಕೂಗಿದೆ. "ಮೋಟ್ರು ಆಪ್ ಮಾಡಮ್ಮೋ, ಟ್ಯಾಂಕ್ ತುಂಬಿ ಸುರೀತಾ ಅದೆ." ಅಮ್ಮ ಒಗ್ಗರಣೆ ಬಿಟ್ಟು "ಬಂದೇ ಗೌರಮ್ನೋರೇ" ಎಂದು ಸ್ವಿಚ್ಚಿನ ಹತ್ತಿರ ಓಡಿದರು. ಮೋಟಾರ್ ಹಾಕಿಯೇ ಇರಲಿಲ್ಲ. ನಾನು ಗೆದ್ದವನಂತೆ ಇಳಿದರೆ ಮೆಟ್ಟಿಲ ತಿರುವಿನಲ್ಲಿ ಗೌರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬೈಗುಳಕ್ಕೆ ಸಿದ್ಧನಾದೆ.

"ಇನ್ನೊಂದ್ ಕಿತ ಮಾಡು" ಎಂದರು.

ಮಾಡಿದೆ.

"ಅಂಗಲ್ಲ ಕಣ್ಲಾ. ಮೂಗ್ನಾಗೆ ಬತ್ತಾ ಅದೆ. 'ಮಾಡಮ್ಮೋ' ಅನ್ನೋದು ಇನ್ನೊಸಿ ಎಳಿ. ನನ್ನಂಗೆ ಮಾತಾಡೋಕೋಗ್ಬ್ಯಾಡ. ನನ್ನಂಗೆ ಸಿಟ್ ಮಾಡ್ಕ. ದನಿ ತಾನೇ ಬತ್ತದೆ."

ನಲ್ಲಿಯ ಬಿಗಿ ನೋಡಿದ ಹಾಗೆಯೇ ಅವತ್ತಿನಿಂದ ತಮ್ಮ ದನಿಯ ಬಿಗಿಯನ್ನೂ ಅವರು ನೋಡತೊಡಗಿದರು. ಮೇಲಿಂದ ಕೂಗಿದರೆ ಕೆಳಗಿನಿಂದ ತೀರ್ಪು ಬರುತ್ತಿತ್ತು. "ಸಡ್ಲ ಆಯ್ತು." "ಈಗ ಸರಿ." ಬೇರೆ ಯಾರನ್ನು ಅನುಕರಿಸಿದರೂ ಬೇಜಾರು ಮಾಡಿಕೊಳ್ಳುತ್ತಾರೆ, ಇಲ್ಲವೆ ಸುಮ್ಮನೆ ನಗುತ್ತಾರೆ. ತಮ್ಮದೇ ಅನುಕರಣೆಯನ್ನು ತಿದ್ದಿಕೊಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಒಂದು ಬೆಳಿಗ್ಗೆ ರಂಗೋಲಿ ಹಾಕುತ್ತಿರುವಾಗ ಅವರ ಬಲಗೈಯಿಂದ ಪುಡಿಯೆಲ್ಲ ಒಂದೇ ಕಡೆ ಸುರಿದುಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಭಾಗದಲ್ಲಿ ಬಲವಿರಲಿಲ್ಲ, ಬಾಯಲ್ಲಿ ಮಾತಿರಲಿಲ್ಲ. ಕಣ್ಣು ಮಾತ್ರ ಮೊದಲಿನಷ್ಟೇ ಜೋರು. ಪೀಜು ಮಂಚದ ಕೆಳಗೆ ಸೇರಿಕೊಂಡು ತಟ್ಟೆ ಮುಟ್ಟುವುದನ್ನು ಬಿಟ್ಟಿತು. ಸರ್ಜಾಪುರ ರಸ್ತೆಯ ನಾಯಿ ಡಾಕ್ಟರಿಗೆ ತೋರಿಸಿದರೆ ಕಾಯಿಲೆ ಏನೂ ಇಲ್ಲ ಎಂದರು. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ನಾಯಿಯ ತಟ್ಟೆ ತುಂಬಿರುವಷ್ಟು ಹೊತ್ತು ಗೌರಮ್ಮನೂ ಬಾಯಿ ತೆರೆಯುತ್ತಿರಲಿಲ್ಲ. ಮಂಜುಳಕ್ಕ ಗಂಜಿಯ ಚಮಚ ತಂದರೆ ತಟ್ಟೆಯ ಕಡೆ ನೋಡಿ ಮುಖ ತಿರುಗಿಸಿಬಿಡುತ್ತಿದ್ದರು. ಆಸ್ಪತ್ರೆಯ ಡಾಕ್ಟರು ಅವರ ಹೊಟ್ಟೆಗೆ ಏನಾದರೂ ಹೋಗಲೇಬೇಕು ಎಂದಿದ್ದರು.

"ಲೋ, ಅಮ್ಮನ್ ದನಿ ಮಾಡ್ತೀಯಲ್ಲ, ಒಂದ್ಸಲ ಪೀಜುನ ಕರಿಯೋ" ಎಂದರು ಮಂಜುಳಕ್ಕ. ಅವರ ಕಣ್ಣು ಊದಿಕೊಂಡಿತ್ತು.

ಎಲ್ಲೆಂದರಲ್ಲಿ ಬಾಯಿ ಬಿಡುವವನು ನಾನು, ಆದರೆ ದನಿ ಕಳಕೊಂಡವರ ಮುಂದೆ ನಿಂತು ಅವರದೇ ದನಿ ತೆಗೆಯುವುದು ಹೇಗೆ? ನಿಂತುಕೊಂಡೇ, ನಾಟಕದವನ ಹಾಗೆ, "ಉಣ್ಣಲಾ ಮುಂಡೇದೇ" ಎಂದೆ. ಪೀಜು ಮಂಚದ ಕೆಳಗಿನಿಂದ ತಲೆ ಹೊರಹಾಕಿ ಗೌರಮ್ಮನನ್ನು ನೋಡಿತು, ನನ್ನನ್ನು ನೋಡಿತು, ಮತ್ತೆ ಒಳಗೆ ಹೋಯಿತು. ಪ್ರೇಕ್ಷಕರು ಎದ್ದುಹೋಗುವುದು ನನಗೆ ಹೊಸದಲ್ಲ, ಆದರೆ ಇಷ್ಟು ಮರ್ಯಾದೆಯಾಗಿ ಯಾರೂ ಹೋಗಿರಲಿಲ್ಲ.

ಗೌರಮ್ಮ ಎಡಗೈಯಿಂದ ಮಂಚವನ್ನು ಪಟಪಟ ಬಡಿದರು. ಬೆರಳು ಮೂಲೆಯಲ್ಲಿದ್ದ ನೀಲಿ ಸ್ಟೂಲನ್ನು ತೋರಿಸುತ್ತಿತ್ತು. ನನಗೆ ನಾಚಿಕೆಯಾಯಿತು. ಸ್ಟೂಲು ತಂದು ಹಾಕಿ, ತಟ್ಟೆಗೆ ಬೆನ್ನು ಮಾಡಿ ಕೂತೆ. ಸೌಟು ಕೈಗೆ ತಗೊಂಡು, ಅವರ ಹಾಗೆ ಮೊದಲು ಸುತ್ತ ನೋಡಿದೆ. ಕೋಣೆಯಲ್ಲಿ ಆಸ್ಪತ್ರೆಯ ಔಷಧಿಯ ವಾಸನೆ. ಮೊಳೆಯೊಂದಕ್ಕೆ ಟೆಸ್ಟರ್ ನೇತುಹಾಕಿದ್ದರು. ಸೊಂಟದಲ್ಲಿಲ್ಲದ ಆ ಟೆಸ್ಟರ್ ನೋಡಿದ್ದೇ ನನಗೆ ನಿಜವಾಗಿಯೂ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸೌಟಿನಿಂದ ನೆಲ ತಟ್ಟಿ ಬೈದೆ. ಓಲಗದವರೆಗೂ ಬೈದು, ಅದು ಮುಗಿದ ಮೇಲೆ ಅವರು ಎಂದೂ ಬೈಯದಿದ್ದ ಮಾತುಗಳನ್ನೂ ಅವರ ದನಿಯಲ್ಲಿ ಬೈದೆ.

ಬೆನ್ನ ಹಿಂದೆ ಉಗುರು ನೆಲಕ್ಕೆ ತಾಗುವ ಸದ್ದು. ಆಮೇಲೆ ಲೊಚಲೊಚ ತಿನ್ನುವ ಸದ್ದು. ನಾನು ತಿರುಗಲಿಲ್ಲ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಚಮಚ ಗಂಜಿಯ ಬಟ್ಟಲಿಗೆ ತಾಗಿದ್ದು ಕೇಳಿಸಿತು. ಮತ್ತೊಮ್ಮೆ ತಾಗಿತು. ಆಗಲೂ ತಿರುಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಾನು ಡ್ಯೂಟಿಗೆ ಹೋಗುವ ಮೊದಲು, ಬಂದ ಮೇಲೆ, ಕೆಳಗಿನ ಮನೆಯಲ್ಲಿ ಬೈಗುಳ ತಪ್ಪಲಿಲ್ಲ. ಗೌರಮ್ಮ ಮಲಗಿದಲ್ಲೇ ತಿದ್ದುತ್ತಿದ್ದರು. ಅಂಗೈ ಕೆಳಗೆ ಒತ್ತಿದರೆ ದನಿ ಇಳಿಸಬೇಕು. ಬೆರಳು ಗಾಳಿಯಲ್ಲಿ ಗೆರೆ ಎಳೆದರೆ ಎಳೆಯಬೇಕು. ಸರಿಯಾದರೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಒಂದು ಸಂಜೆ ಮಂಜುಳಕ್ಕ ಮಾತ್ರೆಯನ್ನು ಮುದ್ದೆಯ ಎರಡನೇ ಉಂಡೆಯಲ್ಲಿಟ್ಟು ತಾಯಿಗೇ ತಂದರು. ಗೌರಮ್ಮ ಮೊದಲನೆಯದು ತಿಂದರು. ಎರಡನೆಯದನ್ನು ಕಂಡು ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು. ಬಾಯಿಯ ಒಂದೇ ಬದಿಯಲ್ಲಿ ನಗು ಬಂತು. ಗೊತ್ತಿದ್ದೂ ನುಂಗಿದರು. ನಾನು ಅವರ ನಗುವನ್ನು ಕೊನೆಯದಾಗಿ ಕಂಡದ್ದು ಅದೇ. ಯುಗಾದಿಗೆ ಮುಂಚೆಯೇ ಹೋಗಿಬಿಟ್ಟರು.

ಪೀಜುವಿಗೆ ನಾನು ಈಗಲೂ ಬೈಯುತ್ತೇನೆ, ಅದು ಉಣ್ಣುತ್ತದೆ. ಆದರೆ ಆ ದನಿ ಸರಿಯಾಗಿದೆಯೋ ಸಡಿಲವಾಗಿದೆಯೋ ಹೇಳುವವರಿಲ್ಲ. ಅಸಲು ಇದ್ದಾಗ ನಕಲಿಗೆ ಧೈರ್ಯವಿರುತ್ತದೆ, ತಪ್ಪಿದರೆ ಕೆಳಗೆ ಹೋಗಿ ಕೇಳಿಕೊಂಡು ಬರಬಹುದು. ಈಗ ನಾನು ನಿನ್ನೆಯ ನನ್ನನ್ನೇ ನಕಲು ಮಾಡುತ್ತಿದ್ದೇನೆ. ದಿನಕ್ಕೊಂದು ಕೂದಲೆಳೆಯಷ್ಟು ಅವರು ನನ್ನ ಗಂಟಲಿನಿಂದ ಜಾರುತ್ತಿದ್ದಾರೇನೋ ಎಂದು ಹೆದರಿಕೆ. ಪೀಜು ಬಹುಶಃ ಹಸಿವಿಗೆ ಉಣ್ಣುತ್ತಿದೆ, ನನ್ನ ಮೇಲಿನ ಕರುಣೆಗೂ ಇರಬಹುದು.

ಕಳೆದ ಭಾನುವಾರ ಕೆಳಗೆ ಟಿಂಗ್ ಟಾಂಗ್ ಎಂದಿತು. ಮೋಟಾರ್ ಹಾಕಿದ ಅಮ್ಮ ಆರಿಸಲು ಮರೆತುಬಿಟ್ಟರು. ನಾನು ಟೆರೇಸಿನಲ್ಲಿ ಆಗಷ್ಟೇ ಒಗೆದ ಯೂನಿಫಾರ್ಮ್ ಒಣಗಿಸುತ್ತಿದ್ದೆ. ಟ್ಯಾಂಕ್ ತುಂಬಿ ನೀರೆಲ್ಲ ಬಟ್ಟೆಯ ಮೇಲೆ, ನನ್ನ ಮೇಲೆ ಸುರಿಯಿತು. ಸಿಟ್ಟು ನೆತ್ತಿಗೇರಿತು. ಯಾರನ್ನೂ ಅನುಕರಿಸುವ ಯೋಚನೆ ಇರಲಿಲ್ಲ, ಬಾಯಿಗೆ ಬಂದದ್ದನ್ನು ಕೂಗಿದೆ.

"ಮೋಟ್ರು ಆಪ್ ಮಾಡಮ್ಮೋ, ಸುರೀತಾ ಅದೆ."

"ಬಂದೇ ಗೌರಮ್ನೋರೇ" ಎಂದರು ಅಮ್ಮ.

ಓಡಿದ ಹೆಜ್ಜೆಗಳ ಸದ್ದು, ಸ್ವಿಚ್ಚಿನ ಸದ್ದು. ನೀರು ನಿಂತಿತು. ನಾನು ತೊಯ್ದುಕೊಂಡೇ ಮೆಟ್ಟಿಲಿಳಿದೆ. ಅಮ್ಮ ಅರ್ಧ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಕೆಳಗಿನಿಂದ ಪೀಜು ಏದುಸಿರು ಬಿಡುತ್ತಾ ಹತ್ತಿ ಬಂತು. ಅಮ್ಮನನ್ನು ದಾಟಿ, ನನ್ನನ್ನು ಮೂಸಿಯೂ ನೋಡದೆ ದಾಟಿ, ಟೆರೇಸಿನವರೆಗೆ ಹೋಗಿ ಸುತ್ತಲೂ ನೋಡಿಕೊಂಡು ಬಂತು.