ಒಂದೇ ಗುಂಡಿಯ ಯಂತ್ರ

ಸ್ಟರ್ಲಿಂಗ್ ಹೈಟ್ಸ್‌ನ ಲೀನಾ ಒಬ್ಬಳೇ ಕಾಡಿಗೆ ಹೋಗಿ ಡೇರೆ ಹಾಕಿಕೊಂಡು ಮಲಗುತ್ತಾಳಂತೆ ಎಂಬ ಸುದ್ದಿ ಡೆಟ್ರಾಯಿಟ್ ಸುತ್ತಲಿನ ಕನ್ನಡದ ಮನೆಗಳಲ್ಲಿ ಹಬ್ಬಿದಾಗ, ಜನ ಮೊದಲು ಕೇಳಿದ್ದು ಗಂಡ ಬಿಟ್ಟನೇ ಎಂದು. ಗಂಡ ಪ್ರಕಾಶ ಬಿಟ್ಟಿರಲಿಲ್ಲ. ಮನೆಯ ಬೇಸ್‌ಮೆಂಟಿನಲ್ಲಿ ಕುಳಿತು ಕಾರಿನ ಬ್ರೇಕುಗಳಿಗೆ ಸಂಬಂಧಿಸಿದ ಕೆಲಸ ಮಾಡುತ್ತ, ಹೊತ್ತುಹೊತ್ತಿಗೆ ಮೆಟ್ಟಿಲು ಹತ್ತಿ ಬಂದು ಊಟ ಮಾಡಿ ಮತ್ತೆ ಇಳಿದುಹೋಗುತ್ತಿದ್ದ.

ಲೀನಾಗೆ ಐವತ್ತು ದಾಟಿತ್ತು. ಬೆಳಿಗ್ಗೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಫೋನು ಎತ್ತುವ ಕೆಲಸ. ಮಧ್ಯಾಹ್ನದಿಂದ ಅತ್ತೆ ಅನುಸೂಯಮ್ಮನವರ ಸ್ನಾನ, ಮಾತ್ರೆ, ಊಟ, ಅವರ ಕಾಲಿಗೆ ಎಣ್ಣೆ. ಇದರ ನಡುವೆ ಮನೆಯ ಉಳಿದದ್ದೆಲ್ಲ. ಮಗಳು ಜಾನ್ವಿ ಷಿಕಾಗೊ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಕೆಲಸಕ್ಕೆ ಸೇರಿಕೊಂಡು, ಕಾಲೇಜಿನ ದಿನಗಳ ಬೆನ್ನುಚೀಲವನ್ನು ಗ್ಯಾರೇಜಿನಲ್ಲಿ ಬಿಟ್ಟುಹೋಗಿದ್ದಳು. ಎಸೆಯಲೆಂದು ಎತ್ತಿಕೊಂಡ ಲೀನಾ ಒಮ್ಮೆ ಹೆಗಲಿಗೆ ಹಾಕಿ ನೋಡಿದಳು. ಶುರುವಾದದ್ದು ಅಲ್ಲಿಂದ.

ಕಾಡಿನಲ್ಲಿ ಅವಳಿಗೆ ಹಿಡಿಸಿದ್ದು ಮರಗಳಲ್ಲ, ಸರೋವರವೂ ಅಲ್ಲ. ಪುಟ್ಟ ಪಾತ್ರೆಯಲ್ಲಿ ಒಬ್ಬಳಿಗಾಗುವಷ್ಟೇ ನೀರು ಕಾಯಿಸುವುದು, ಒಬ್ಬಳೇ ತಿನ್ನುವುದು, ಒಂದೇ ಒಂದು ಚಮಚ ತೊಳೆದಿಡುವುದು. ಮದುವೆಯಾದ ಮೇಲೆ ಅಷ್ಟು ಕಡಿಮೆ ಪಾತ್ರೆ ತೊಳೆದ ದಿನ ಅವಳಿಗೆ ನೆನಪಿರಲಿಲ್ಲ.

ಕಳೆದ ವರ್ಷ ಮ್ಯಾನಿಸ್ಟಿ ನದಿಯ ಹಾದಿಯಲ್ಲಿ ಕಾಲು ಉಳುಕಿ, ಮಾರನೇ ದಿನ ಕುಂಟುತ್ತ ಹೊರಬಂದಿದ್ದಳು. ಅದನ್ನು ಕೇಳಿದ ಜಾನ್ವಿ ಇಂಗ್ಲಿಷಿನಲ್ಲಿ ಒಂದೇ ಷರತ್ತು ಹಾಕಿದಳು: ಉಪಗ್ರಹಕ್ಕೆ ಸಂಕೇತ ಕಳಿಸುವ ತುರ್ತು ಯಂತ್ರವಿಲ್ಲದೆ ಇನ್ನು ಕಾಡಿಗೆ ಹೋಗಕೂಡದು. ಹೊಸ ಫೋನುಗಳಲ್ಲೇ ಆ ಸೌಲಭ್ಯ ಇದೆಯಂತೆ, ಆದರೆ ಲೀನಾಳ ಕೈಯಲ್ಲಿದ್ದದ್ದು ಮಗಳು ಬಳಸಿ ಬಿಟ್ಟ ಹಳೆಯ ಫೋನು. ಪ್ಲಿಮತ್‌ನಲ್ಲಿ ಇಂಥ ಸಾಮಾನಿನ ಅಂಗಡಿಯೊಂದಿತ್ತು. ಯಂತ್ರದ ವಿಷಯವಾದ್ದರಿಂದ ಪ್ರಕಾಶನೂ ಜೊತೆಗೆ ಬಂದ. ತರಕಾರಿ ಅಂಗಡಿಗೆ ಅವನು ಬಂದದ್ದೇ ಇಲ್ಲ.

ಅಂಗಡಿಯ ಹುಡುಗಿ ಎರಡು ಯಂತ್ರಗಳನ್ನು ಪಕ್ಕಪಕ್ಕ ಇಟ್ಟಳು. ಮೊದಲನೆಯದು ಹಳದಿ ಬಣ್ಣದ್ದು, ಒಂದು ಮಡಚುವ ಆಂಟೆನಾ, ಒಂದು ಗುಂಡಿ. ಆಕಾಶ ಕಾಣುವ ಜಾಗದಲ್ಲಿ ನಿಂತು ಒತ್ತಿದರೆ ನೀವಿರುವ ಸ್ಥಳ ಅಪಾಯದಲ್ಲಿದ್ದವರನ್ನು ಹುಡುಕುವ ಸರ್ಕಾರಿ ತಂಡದವರಿಗೆ ಗೊತ್ತಾಗುತ್ತದೆ, ಅವರು ಹುಡುಕಿಕೊಂಡು ಬರುತ್ತಾರೆ. ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ, ತಿಂಗಳ ಚಂದಾ ಇಲ್ಲ, ಮತ್ತೇನೂ ಮಾಡುವುದಿಲ್ಲ. ಎರಡನೆಯದು ಸಂದೇಶ ಕಳಿಸುತ್ತದೆ, ಸಂದೇಶ ತರುತ್ತದೆ, ನೀವು ಎಲ್ಲಿದ್ದೀರಿ ಎಂದು ಮನೆಯವರಿಗೆ ನಕ್ಷೆಯಲ್ಲಿ ತೋರಿಸುತ್ತಲೇ ಇರುತ್ತದೆ. ಚಾರ್ಜ್ ಮಾಡುತ್ತಿರಬೇಕು, ಚಂದಾ ಕಟ್ಟುತ್ತಿರಬೇಕು.

ಪ್ರಕಾಶ ಹಳದಿ ಯಂತ್ರವನ್ನು ತಿರುಗಿಸಿ ನೋಡಿದ. "ಇದಕ್ಕೆ ನಾವು ಮೆಸೇಜ್ ಮಾಡ್ಬೇಕಂದ್ರೆ?"

"ಮಾಡೋಕಾಗಲ್ವಂತೆ."

"ಮತ್ತೆ ಇದರಿಂದ ಏನು ಉಪಯೋಗ?"

"ನಾನು ಬಿದ್ರೆ ಉಪಯೋಗ ರೀ."

ಅವನು ನಕ್ಕ. ಹೆಂಡತಿ ಜೋಕು ಮಾಡಿದಳೆಂದುಕೊಂಡ.

ಎರಡನೆಯದನ್ನು ಅಂಗಡಿಯವರು ಬಾಡಿಗೆಗೂ ಕೊಡುತ್ತಿದ್ದರು. ಪ್ರಕಾಶ ಹಟ ಹಿಡಿದದ್ದಕ್ಕೆ ಲೀನಾ ಮೇ ತಿಂಗಳಲ್ಲಿ ಅದನ್ನೇ ಚೀಲಕ್ಕೆ ಸಿಕ್ಕಿಸಿಕೊಂಡು ಪಿಜನ್ ನದಿಯ ಕಾಡಿಗೆ ಹೋದಳು. ಗಾಡಿ ನಿಲ್ಲಿಸಿ ಒಂದು ಮೈಲು ನಡೆದಿದ್ದಳೋ ಇಲ್ಲವೋ, ಬೆನ್ನ ಮೇಲೆ ಅದು ಕಿರುಗುಟ್ಟಿತು. ಪ್ರಕಾಶನ ಸಂದೇಶ: ಇಂಗು ಎಲ್ಲಿದೆ. ಎರಡನೇ ಡ್ರಾಯರ್ ಎಂದು ಉತ್ತರಿಸಿದಳು. ಅಮ್ಮನ ಉಣ್ಣೆಯ ಸಾಕ್ಸ್ ಎಲ್ಲಿ. ಡ್ರೈಯರ್ ಒಳಗೇ ಇರಬೇಕು. ನಾಳೆ ಕಸದ ಗಾಡಿ ಬರುತ್ತಾ. ಫ್ರೀಜರಿನಲ್ಲಿ ಹುಳಿ ಯಾವುದು, ಗೊಜ್ಜು ಯಾವುದು, ಎರಡೂ ಒಂದೇ ಥರ ಕಾಣುತ್ತೆ. ಹೊರಡುವ ಮುಂಚೆ ಅಡುಗೆ ಮಾಡಿ, ಹೆಸರು ಅಂಟಿಸಿ, ಫ್ರೀಜರಿನಲ್ಲಿ ಜೋಡಿಸಿ ಬಂದಿದ್ದಳು. ಡಬ್ಬಿ ತಿರುಗಿಸಿ ಹೆಸರು ಓದುವ ಕೆಲಸವೊಂದು ಉಳಿದಿತ್ತು, ಅದೂ ಉಪಗ್ರಹದ ಮೂಲಕ ಅವಳ ಪಾಲಿಗೇ ಬಂತು. ಕೇಳಿದ್ದಕ್ಕೆಲ್ಲ ಉತ್ತರಿಸುವಷ್ಟರಲ್ಲಿ ಕಾಯಿಸಿದ್ದ ನೀರು ಆರಿಹೋಗಿತ್ತು. ಅವಳಿಗೆ ಸಿಟ್ಟು ಬಂದದ್ದು ಕೇಳಿದವರ ಮೇಲಲ್ಲ, ಎಲ್ಲಕ್ಕೂ ಸರಿಯಾದ ಉತ್ತರ ಗೊತ್ತಿದ್ದ ತನ್ನ ಮೇಲೆ.

ವಾಪಸು ಬಂದವಳು ಬಾಡಿಗೆಯದನ್ನು ಹಿಂದಿರುಗಿಸಿ ಹಳದಿಯದನ್ನು ಕೊಂಡಳು.

ಮನೆಯಲ್ಲಿ ಅದಕ್ಕೊಂದು ಪಂಚಾಯಿತಿಯೇ ನಡೆಯಿತು. ಅನುಸೂಯಮ್ಮನವರ ಕೊರಳಲ್ಲಿ ಅವರದೇ ಒಂದು ಗುಂಡಿ ತೂಗಾಡುತ್ತಿತ್ತು. ಬಿದ್ದರೆ, ಎದೆ ನೋವು ಬಂದರೆ ಒತ್ತಬೇಕು. ಅದನ್ನು ನೋಡಿಕೊಳ್ಳುವ ಕಂಪನಿಯವರು ಅದರಲ್ಲೇ ಮಾತಾಡಿಸುತ್ತಾರೆ, ಸರಿಯಾಗಿ ಉತ್ತರ ಬರದಿದ್ದರೆ ಮನೆಯವರಿಗೆ ಫೋನು ಮಾಡುತ್ತಾರೆ, ಯಾರೂ ಸಿಗದಿದ್ದರೆ ಆಂಬುಲೆನ್ಸ್ ಕಳಿಸುತ್ತಾರೆ. ಮುದುಕಿ ಮಗ್ಗುಲು ಬದಲಿಸುವಾಗ ಆಗಾಗ ಮೊಣಕೈ ತಾಗಿ ತಾನಾಗೇ ಒತ್ತಿಹೋಗುತ್ತಿತ್ತು. ಆಗ ಕ್ಲಿನಿಕ್ಕಿನಲ್ಲಿದ್ದ ಲೀನಾಗೆ ಫೋನು ಬರುತ್ತಿತ್ತು. ಬೇಸ್‌ಮೆಂಟಿನಲ್ಲಿದ್ದ ಪ್ರಕಾಶನಿಗಲ್ಲ.

"ನೀನು ಸಿಗದೇ ಇದ್ರೆ ಅಮ್ಮನ ಗತಿ?" ಎಂದ ಪ್ರಕಾಶ.

"ನೀವಿರ್ತೀರಲ್ಲ."

"ನಾನು ಕೆಲಸದಲ್ಲಿರ್ತೀನಿ ಕಣೆ."

"ಕೆಳಗೆ ತಾನೇ? ಮೆಟ್ಟಿಲು ಹತ್ತಿದ್ರೆ ಅಮ್ಮನ ರೂಮು. ನಿಮ್ಮ ನಂಬರನ್ನ ಮೊದಲು ಹಾಕಿಸ್ತೀನಿ."

"ಬೇಡ. ಮೀಟಿಂಗ್ ಮಧ್ಯೆ ಯಾರ್ಯಾರೋ ಫೋನ್ ಮಾಡೋದು ನನಗಾಗಲ್ಲ. ಮನೇಲೇ ಇರೋನಿಗೆ ಫೋನ್ ಯಾಕೆ ಬೇಕು?"

ಅನುಸೂಯಮ್ಮ ಮಂಚದಿಂದಲೇ ದನಿಗೂಡಿಸಿದರು. "ಅವನಿಗೆ ತೊಂದರೆ ಕೊಡ್ಬೇಡ್ವೇ. ನಿಂದೇ ಮೊದಲಿರಲಿ. ಅವನದು ಬೇಕಾದ್ರೆ ಎರಡನೇದಾಗಿ ಹಾಕ್ಸು."

ಹಾಗೇ ಆಯಿತು. ಸೆಪ್ಟೆಂಬರಿನಲ್ಲಿ ಲೀನಾ ಮ್ಯಾಕಿನಾ ಸೇತುವೆ ದಾಟಿ, ಹಗಲಿಡೀ ಡ್ರೈವ್ ಮಾಡಿ, ಪೊರ್ಕ್ಯುಪೈನ್ ಬೆಟ್ಟಗಳ ಕಾಡಿಗೆ ಹೋದಳು. ಹಳದಿ ಯಂತ್ರ ಎದೆಯ ಪಟ್ಟಿಯಲ್ಲಿ ಸುಮ್ಮನಿತ್ತು. ಯಾರೂ ಏನೂ ಕೇಳಲಿಲ್ಲ. ಕಾಡಿನಿಂದ ಹೊರಬಂದು ಒಂಟೊನಾಗನ್ ಎಂಬ ಸಣ್ಣ ಊರಿನಲ್ಲಿ ಪೆಟ್ರೋಲು ಹಾಕಿಸುವಾಗ ಫೋನಿಗೆ ಜೀವ ಬಂತು. ಕಂಪನಿಯ ತಪ್ಪಿದ ಕರೆಗಳು, ಜಾನ್ವಿಯ ಕರೆಗಳು, ಪ್ರಕಾಶನ ಸಂದೇಶ: ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದಿದೆ. ನೀನು ಸಿಗಲಿಲ್ಲ. ಈಗಲಾದರೂ ಸಮಾಧಾನ ಆಯ್ತಾ.

ಅದರ ಕೆಳಗೆ ಹಿಂದಿನ ದಿನ ಮಧ್ಯಾಹ್ನ ಬಾಗಿಲ ಕ್ಯಾಮೆರಾ ಕಳಿಸಿದ ವಿಡಿಯೊ ಇತ್ತು. ಆ ಕ್ಯಾಮೆರಾ ಲೀನಾಳ ಫೋನಿಗೆ ಮಾತ್ರ ಜೋಡಣೆಯಾಗಿತ್ತು. ಪಾರ್ಸೆಲ್ ಬಂದರೆ ಒಳಗೆ ತೆಗೆದಿಡುವವಳು ಅವಳೇ ತಾನೇ ಎಂದು ಪ್ರಕಾಶನೇ ಹಾಗೆ ಮಾಡಿದ್ದ. ವಿಡಿಯೊದಲ್ಲಿ ಆಂಬುಲೆನ್ಸಿನವರಿಬ್ಬರು ಮೆಟ್ಟಿಲ ಮೇಲೆ ನಿಂತಿದ್ದರು. ಬಾಗಿಲು ತೆರೆದ ಪ್ರಕಾಶನ ಕೊರಳಲ್ಲಿ ಹೆಡ್‌ಫೋನು. ಇಲ್ಲಿ ಯಾರಾದರೂ ಬಿದ್ದಿದ್ದಾರೆಯೇ ಎಂದು ಅವರು ಕೇಳಿದರು. ಅವನು ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದಲೇ, ಇಲ್ಲ ಎಂದ. ಅಮ್ಮ ಮಲಗಿದ್ದಾರೆ, ನಿದ್ದೆಯಲ್ಲಿ ಅದು ಒತ್ತಿಹೋಗುತ್ತಿರುತ್ತದೆ, ಆ ಗುಂಡಿಯನ್ನೆಲ್ಲ ನನ್ನ ಹೆಂಡತಿ ನೋಡಿಕೊಳ್ಳುತ್ತಾಳೆ. ಒಂದು ಸಲ ನೋಡಿ ಬರಲೇ ಎಂದರು ಒಬ್ಬರು. ಬೇಡ, ಗಂಡಸರು ಕೋಣೆಗೆ ಬಂದರೆ ಗಾಬರಿಯಾಗುತ್ತಾರೆ ಎಂದ. ಆಂಬುಲೆನ್ಸಿನವರು ಹೊರಟುಹೋದರು. ಬಾಗಿಲು ಮುಚ್ಚಿತು.

ಲೀನಾ ಪಂಪಿನ ಪಕ್ಕ ನಿಂತು ಅದನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ಹತ್ತು ಗಂಟೆಯ ದಾರಿ ಡ್ರೈವ್ ಮಾಡಿ ಆಸ್ಪತ್ರೆ ಸೇರಿದಳು.

ಮುದುಕಿಯನ್ನು ಪ್ರಕಾಶ ಕಂಡದ್ದು ಅವರು ಬಿದ್ದ ದಿನ ಸಂಜೆ, ಅದೂ ಹುಡುಕಿಕೊಂಡು ಹೋಗಿ ಅಲ್ಲ. ಲೀನಾ ಇಲ್ಲದ ದಿನಗಳಲ್ಲಿ ಅವನಿಗೆ ಕಾಫಿ ಮಾಡಿಕೊಡುತ್ತಿದ್ದವರು ವಾಕರ್ ಹಿಡಿದು ನಡೆಯುವ ಅನುಸೂಯಮ್ಮ. ಹೊತ್ತಾದರೂ ಕಾಫಿಗೆ ಕರೆಯಲಿಲ್ಲವಲ್ಲ ಎಂದು ಅವನು ಮೇಲೆ ಬಂದಿದ್ದ.

ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಲೀನಾ ವಿಡಿಯೊ ತೋರಿಸಿದಳು. ಅವನು ಪೂರ್ತಿ ನೋಡಲಿಲ್ಲ.

"ಡಿಲೀಟ್ ಮಾಡು."

"ಯಾಕೆ?"

"ಅಮ್ಮನಿಗೆ ಗೊತ್ತಾದ್ರೆ ಪ್ರಾಣ ಬಿಡ್ತಾರೆ. ನಾನೇನು ಬೇಕಂತ ಮಾಡಿದ್ನಾ? ನೀನು ಫೋನ್ ಎತ್ತಿದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ."

ಅನುಸೂಯಮ್ಮ ವಾರಗಟ್ಟಲೆ ಆಸ್ಪತ್ರೆಯಲ್ಲಿ, ಆಮೇಲೆ ನಡಿಗೆ ಕಲಿಸುವ ಕೇಂದ್ರದಲ್ಲಿ ಇದ್ದು ಮನೆಗೆ ಬಂದರು. ನಡಿಗೆ ಮಾತ್ರ ಹಿಂದಿರುಗಲಿಲ್ಲ. ಮಂಚದ ಪಕ್ಕ ಕಮೋಡಿನ ಕುರ್ಚಿ ಬಂತು. ಅದನ್ನು ತೊಳೆಯುವುದು ಯಾರೆಂಬ ಪ್ರಶ್ನೆ ಯಾರಿಗೂ ಏಳಲಿಲ್ಲ. ಲೀನಾ ಕ್ಲಿನಿಕ್ಕಿನ ಕೆಲಸ ಬಿಟ್ಟಳು.

ನೋಡಲು ಬಂದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ಕಥೆ. ಕನ್ನಡ ಕೂಟದ ಹಿರಿಯರಾದ ದ್ವಾರಕಾನಾಥ ಕಿತ್ತಳೆ ಹಣ್ಣು ಹಿಡಿದು ಬಂದಾಗ ಅನುಸೂಯಮ್ಮನೇ ಅದನ್ನು ಹೇಳಿದರು. "ಗುಂಡಿ ಒತ್ತಿದೆ ಕಣಪ್ಪ. ಇವಳಿಗೆ ಫೋನ್ ಮಾಡಿದ್ರಂತೆ, ಇವಳು ಕಾಡಲ್ಲಿದ್ಲು."

"ಅಂಕಲ್, ಆಗ್ಲೇ ಹೇಳಿದ್ದೆ," ಎಂದ ಪ್ರಕಾಶ. "ಮೆಸೇಜ್ ಬರೋಂಥದು ತಗೋ ಅಂತ. ಕೇಳ್ಲಿಲ್ಲ. ಯಾರೂ ಕರೆಯೋಕಾಗದ ಯಂತ್ರಾನೇ ಬೇಕು ಅಂತ ಹುಡುಕಿ ತಂದ್ಲು."

ದ್ವಾರಕಾನಾಥ ಲೀನಾಳ ಕಡೆ ತಿರುಗಿದರು. "ಏನಮ್ಮ, ವನವಾಸಕ್ಕೆ ಸೀತೆಯೂ ಗಂಡನ ಜೊತೆಗೇ ಹೋದದ್ದು. ನಿಂದೇನು ಹೊಸ ಪದ್ಧತಿ?"

"ಕಾಫಿಗೆ ಸಕ್ಕರೆ ಎಷ್ಟು ಅಂಕಲ್?" ಎಂದಳು ಲೀನಾ.

ಅಂದು ಅವರು ಹೋದ ಮೇಲೆ ಪ್ರಕಾಶ ಹೊಸ ಪೆಟ್ಟಿಗೆಯೊಂದನ್ನು ತಂದು ಊಟದ ಮೇಜಿನ ಮೇಲಿಟ್ಟ. ಸಂದೇಶ ಬರುವ ಯಂತ್ರ. ಚಾರ್ಜ್ ಮಾಡಿಟ್ಟಿದ್ದ, ನಕ್ಷೆಯ ಲಿಂಕನ್ನು ಮನೆಯವರ ವಾಟ್ಸ್ಯಾಪ್ ಗುಂಪಿಗೆಲ್ಲ ಕಳಿಸಿದ್ದ. "ಇನ್ಮೇಲೆ ಹೋಗೋದಾದ್ರೆ ಇದನ್ನ ತಗೊಂಡು ಹೋಗು. ಇಲ್ಲಾಂದ್ರೆ ಹೋಗೋದೇ ಬೇಡ." ಒಂದು ಯಂತ್ರವನ್ನು ಅವನು ಅಷ್ಟು ಅಕ್ಕರೆಯಿಂದ ಸಿದ್ಧಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಮಾರನೆಯ ದಿನ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತ ಲೀನಾ ಕೇಳಿದಳು. "ಅಮ್ಮ, ಅವತ್ತು ಬಾಗಿಲಿಗೆ ಯಾರೋ ಬಂದಿದ್ರಲ್ಲ. ನಿಮಗೆ ಕೇಳಿಸ್ಲಿಲ್ವಾ?"

ಅನುಸೂಯಮ್ಮ ಸೂರು ನೋಡುತ್ತಿದ್ದರು. "ಕೇಳಿಸ್ತು," ಎಂದರು. "ಅವನು ಮಾತಾಡಿದ್ದೂ ಕೇಳಿಸ್ತು. ಕೂಗ್ದೆ. ಬಚ್ಚಲಿನ ಫ್ಯಾನು ಓಡ್ತಿತ್ತು. ನನ್ನ ದನಿ ಅಲ್ಲಿಗೆ ಎಲ್ಲಿ ಹೋಗ್ಬೇಕು. ಗುಂಡಿ ಒಂದು ಸಲ ಒತ್ತಿದ್ಮೇಲೆ ಮೈ ಕೆಳಗೆ ಸಿಕ್ಕೊಂಡ್ತು, ಕಂಪನಿಯವರಿಗೆ ಉತ್ತರ ಕೊಡೋಕೂ ಆಗ್ಲಿಲ್ಲ, ಮತ್ತೆ ಒತ್ತೋಕೂ ಆಗ್ಲಿಲ್ಲ."

"ಮತ್ತೆ ಬಂದವರ ಹತ್ರ ಎಲ್ಲ ನಂದೇ ತಪ್ಪು ಅಂತೀರಲ್ಲ."

"ಹೆತ್ತಿದೀನಿ ಕಣೆ. ಅವನಿಗೆ ಹೇಗೆ ಹೇಳ್ಲಿ? ಅವನಿಗೆ ಗೊತ್ತಾಗ್ಬಾರದು. ನೀನು ಗಟ್ಟಿ, ತಡ್ಕೋತೀಯ."

ಅಮ್ಮನಿಗೆ ಗೊತ್ತಾಗಬಾರದು ಎನ್ನುವ ಮಗ, ಮಗನಿಗೆ ಗೊತ್ತಾಗಬಾರದು ಎನ್ನುವ ಅಮ್ಮ. ಇಬ್ಬರ ನಡುವಿನ ಆ ಮೌನವನ್ನು ಒಡೆಯದಂತೆ ಕಾಯುವುದೂ ಮನೆಗೆಲಸದ ಲೆಕ್ಕಕ್ಕೇ ಸೇರಿಕೊಂಡಿತು. ಲೀನಾ ಅದನ್ನೂ ಚಳಿಗಾಲವಿಡೀ ಮಾಡಿದಳು. ಹಿಮ ಕರಗಿ ಹಾದಿಗಳು ತೆರೆದಾಗ ಗ್ಯಾರೇಜಿನಿಂದ ಚೀಲ ತಂದು, ಎದೆಯ ಪಟ್ಟಿಗೆ ಹಳದಿ ಯಂತ್ರವನ್ನೇ ಸಿಕ್ಕಿಸಿದಳು. ಪ್ರಕಾಶನ ಪೆಟ್ಟಿಗೆ ಮೇಜಿನ ಮೇಲೆಯೇ ಇತ್ತು.

ಅನುಸೂಯಮ್ಮ ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದರು. ಅವಳು ಹತ್ತಿರ ಬಂದಾಗ ಮಣಿಕಟ್ಟು ಹಿಡಿದುಕೊಂಡರು. ಅಷ್ಟು ಬಲ ಆ ಕೈಯಲ್ಲಿದೆಯೆಂದು ಲೀನಾಗೆ ಗೊತ್ತಿರಲಿಲ್ಲ.

"ಅವನ ಕೈಗೆ ಬಿಟ್ಟು ಹೋಗ್ಬೇಡ್ವೇ."

"ನಿಮ್ಮ ಮಗಾನೇ ಅಲ್ವಾ ಅಮ್ಮ."

"ಅದಕ್ಕೇ ಹೇಳ್ತಿರೋದು."

ಲೀನಾ ಮಂಚದ ಅಂಚಿನಲ್ಲಿ ಕುಳಿತಳು. "ಸರಿ, ಹೋಗಲ್ಲ. ಒಂದು ಕೆಲಸ ಮಾಡಿ. ಭಾನುವಾರ ದ್ವಾರಕಾನಾಥ ಅಂಕಲ್ ಬರ್ತಾರೆ. ಅವರೆದುರಿಗೆ, ಇವರೂ ಇರೋವಾಗ, ಬಾಗಿಲಿಗೆ ಬಂದವರನ್ನ ಕಳಿಸಿದ್ದು ಯಾರು ಅಂತ ಹೇಳಿ. ಒಂದೇ ಮಾತು. ಆಮೇಲೆ ನಾನು ಈ ಚೀಲ ಮುಟ್ಟಲ್ಲ."

ಮುದುಕಿ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಅದು ಮುಖದಲ್ಲಿ ಕಾಣುತ್ತಿತ್ತು. ಒಂದು ಕಡೆ ಉಳಿದ ಆಯಸ್ಸು, ಇನ್ನೊಂದು ಕಡೆ ಮಗನ ಮಾನ. ಹಿಡಿದ ಕೈ ಸಡಿಲವಾಯಿತು.

"ಅದೊಂದು ಆಗಲ್ಲ," ಎಂದು ಗೋಡೆಯ ಕಡೆ ಮುಖ ಮಾಡಿದರು.

ಲೀನಾ ಅಲ್ಲೇ ಕುಳಿತು ಗುಂಡಿಯ ಕಂಪನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ತನ್ನ ನಂಬರನ್ನು ತೆಗೆಯಬೇಕು ಎಂದಳು. ಆ ಕಡೆಯ ಹೆಂಗಸು ಮೆತ್ತಗಿನ ದನಿಯಲ್ಲಿ, ಹಾಗಾದರೆ ಮೊದಲು ಯಾರಿಗೆ ಕರೆಯಬೇಕು ಎಂದು ಕೇಳಿದಳು.

"ಪ್ರಕಾಶ. ಮಗ."

ಎರಡನೆಯವರು ಯಾರು ಎಂದಳು ಹೆಂಗಸು. ಅಷ್ಟು ಇಂಗ್ಲಿಷ್ ಅನುಸೂಯಮ್ಮನವರಿಗೆ ತಿಳಿಯುತ್ತಿತ್ತು. ಗೋಡೆಯಿಂದ ಮುಖ ತಿರುಗಿಸಿದರು. "ನಿನ್ನ ಹೆಸರು ಹೇಳೇ. ಎರಡನೇದಾಗಾದ್ರೂ ಇರಲಿ. ಅವನು ಗೊತ್ತಿಲ್ಲದ ನಂಬರ್ ಎತ್ತಲ್ಲ ಅಂತ ನಿನಗೂ ಗೊತ್ತು."

"ಯಾರೂ ಇಲ್ಲ," ಎಂದಳು ಲೀನಾ ಫೋನಿಗೆ.

ಆ ಹೆಂಗಸು ಬದಲಾವಣೆಯನ್ನು ಓದಿ ಹೇಳಿದಳು. ಖಾತೆ ಅನುಸೂಯಾ ಅವರ ಹೆಸರಿನಲ್ಲಿರುವುದರಿಂದ ಅವರ ಬಾಯಲ್ಲೇ ಒಪ್ಪಿಗೆ ಬೇಕು, ಧ್ವನಿ ರೆಕಾರ್ಡ್ ಆಗುತ್ತದೆ, ಮಗನೊಬ್ಬನೇ ಸಾಕು ಎಂಬುದು ಅವರಿಗೆ ಒಪ್ಪಿಗೆಯೇ ಎಂದು ಕೇಳಿದಳು. ಲೀನಾ ಫೋನನ್ನು ಅತ್ತೆಯ ತುಟಿಯ ಹತ್ತಿರ ಹಿಡಿದಳು.

ಒಪ್ಪಿಗೆ ಇಲ್ಲ ಎನ್ನಬೇಕಾದರೆ ಮಗನೊಬ್ಬನೇ ಯಾಕೆ ಸಾಲದು ಎಂದು ಹೇಳಬೇಕಾಗುತ್ತಿತ್ತು. ಹೆಂಗಸು ಇನ್ನೊಮ್ಮೆ ಕೇಳಿದಳು.

"ಯೆಸ್," ಎಂದರು ಅನುಸೂಯಮ್ಮ.