ಗಂಗಕ್ಕ ಟೀವಿಯ ಅತ್ತೆಯಾದದ್ದು

ಹಿರೇಗುತ್ತಿಯ ನಮ್ಮ ಕೇರಿಯಲ್ಲಿ ಗಂಗಕ್ಕ ಹಾಡು ಎತ್ತಿದರೆ ಹಿಂದಿನಿಂದ ಸೊಲ್ಲು ಹಿಡಿಯುವವಳು ನಾನು, ಮಾದಿ. ನಲವತ್ತು ವರ್ಷದಿಂದ ಇದೇ ರೂಢಿ. ಅವಳು ಒಂದು ಸಾಲು ಹೇಳಬೇಕು, ನಾನು ಅದನ್ನೇ ತಿರುಗಿ ಹೇಳಬೇಕು, ಆಮೇಲೆ ಅವಳ ಮುಂದಿನ ಸಾಲು. ಹಿಡಿಯುವವರಿಲ್ಲದೆ ಸೊಲ್ಲು ನೆಲಕ್ಕೆ ಬಿದ್ದರೆ ಕತೆ ಅಲ್ಲೇ ನಿಂತ ಹಾಗೆ. ಗದ್ದೆಯಲ್ಲಿ, ಮದುವೆಯಲ್ಲಿ, ಕುಮಟೆ ಸಂತೆಗೆ ಹರಿವೆ ಸೊಪ್ಪು ಹೊತ್ತು ಹೋಗುವಾಗ ಬಸ್ಸಿನಲ್ಲಿಯೂ ಹೀಗೇ. ಕಂಡಕ್ಟರು ಒಮ್ಮೆ ಕೇಳಿದ್ದ, "ಅಮಾ, ನಿಮ್ಮಲ್ಲಿ ಒಬ್ಬರಿಗೆ ಕಿವಿ ಕೇಳೂದಿಲ್ವಾ?"

ತೊಂಬತ್ತೊಂಬತ್ತನೇ ಇಸವಿಯಲ್ಲಿ ಭಾಸ್ಕರ ಅನ್ನುವವರು ಬೆಂಗಳೂರಿನಿಂದ ವ್ಯಾನು ತುಂಬ ಜನ ಕಟ್ಟಿಕೊಂಡು ಬಂದರು. ಗಂಗಕ್ಕನ ಹಾಡಿನ ಕತೆಯೊಂದನ್ನು ಟೀವಿಗೆ ಮಾಡುತ್ತಾರಂತೆ. ನೀರಿಗೆ ಹೋದ ಸೊಸೆ ಕೊಡ ಒಡೆದು ಬರುತ್ತಾಳೆ, ಅತ್ತೆ ಬಯ್ಯುತ್ತಾಳೆ, ಸೊಸೆ ಮನೆ ಬಿಟ್ಟು ಹೋಗುತ್ತಾಳೆ, ಆ ಕತೆ. ಊರಿನವರನ್ನೂ ಸೇರಿಸಿಕೊಳ್ಳುತ್ತೇವೆ ಅಂದರು.

"ಹಂಗಾರೆ ಸೊಸೆ ನಾನೇ" ಅಂದಳು ಗಂಗಕ್ಕ. ಅವಳಿಗೆ ಅರವತ್ತೈದು. ಮುಂದಿನ ಹಲ್ಲು ಎರಡಿಲ್ಲ.

ಭಾಸ್ಕರರು ತಲೆ ಕೆರೆದುಕೊಂಡರು. "ಅಜ್ಜಿ, ಸೊಸೆಗೆ ಹದಿನೆಂಟು ವರ್ಷ."

"ನಲವತ್ತು ವರ್ಷ ಆ ಕೊಡ ಒಡೆದವಳು ಯಾರು ತಮಾ? ನಾನೇ ಅಲ್ವಾ?"

ಸೊಸೆಯಾಗಲು ಚಂದನಾ ಎಂಬ ಹುಡುಗಿಯನ್ನು ಅವರೇ ತಂದಿದ್ದರು. ಗಾಳಿ ಬಂದರೆ ಹಾರುವಷ್ಟು ಸಪೂರ. ಗಂಗಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇವಳು ಒಡೆಯೂದು ಖರೆ. ಕೊಡ ಎತ್ತೂಕೇ ಬರೂದಿಲ್ಲ" ಅಂದಳು.

ಕಡೆಗೆ ಅತ್ತೆಯ ಪಾತ್ರ ಸಿಕ್ಕಿತು. ಮೂತಿ ಊದಿಸಿಕೊಂಡೇ ಒಪ್ಪಿದಳು. ಆದರೆ ಸಂತೆಯ ದಿನ ಸೊಪ್ಪಿನ ಸಾಲು, ಮೀನಿನ ಸಾಲು, ಬಳೆ ಅಂಗಡಿ ಎಲ್ಲ ಸುತ್ತಿ, "ನಾನು ಟೀವಿಯಲ್ಲಿ ಬರ್ತೆ, ನೋಡಿ" ಎಂದು ಸಾರಿ ಬಂದಳು.

ಚಿತ್ರ ತೆಗೆಯುವ ದಿನ ಅಂಗಳದಲ್ಲಿ ಕ್ಯಾಮೆರಾ ಇಟ್ಟರು. ನಾವು ಹೆಂಗಸರು ಬೇಲಿಯ ಹತ್ತಿರ ನಿಂತೆವು.

"ಹಾಡಬೇಡಿ ಅಜ್ಜಿ, ಬರೀ ಮಾತಿನಲ್ಲಿ ಬಯ್ಯಿರಿ" ಅಂದರು ಭಾಸ್ಕರರು.

ಗಂಗಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಕೊಡ ಒಡೆದವಳೇ, ಮೋರೆ ಎತ್ತಿ ಹೇಳೇ!"

"ಕೊಡ ಒಡೆದವಳೇ, ಮೋರೆ ಎತ್ತಿ ಹೇಳೇ!" ಅಂದಿತು ಬೇಲಿಯ ಹತ್ತಿರದಿಂದ ನನ್ನ ಬಾಯಿ.

"ಕಟ್! ಯಾರದು?"

ಎರಡನೇ ಸಲ ಬಾಯಿಗೆ ಕೈ ಒತ್ತಿಕೊಂಡೆ. ಬೆರಳ ಸಂದಿಯಿಂದ ಬಂತು. ಮೂರನೇ ಸಲಕ್ಕೆ ನನ್ನನ್ನು ಗದ್ದೆಯಾಚೆ ಅಟ್ಟಿದರು.

ಸ್ವಲ್ಪ ಹೊತ್ತಿಗೆ ಗಂಗಕ್ಕನ ಮನೆಯ ಸೊಸೆ ಸೋಮಿ ಓಡೋಡಿ ಬಂದಳು. "ಮಾದಕ್ಕಾ, ಅತ್ತೆ ಒಂದು ಸಾಲು ಹೇಳಿ ನಿಂತೇ ಬಿಟ್ಟಾಳೆ. ಯಾರೂ ಹಿಡೀಲಿಲ್ಲ, ಮುಂದೆ ಹೆಂಗೆ ಹೋಗೂದು ಅಂತಾಳೆ. ಊಟದೊಳಗೆ ಆಗದಿದ್ರೆ ಬೆಂಗಳೂರಿಂದ ಬೇರೆ ಅತ್ತೆ ತರಿಸ್ತಾರಂತೆ!"

"ಗಂಗಕ್ಕ ಎಂತ ಅಂದ್ಳು?"

"ಇನ್ನು ಸಂತೆಗೆ ಹೋಗೂದಿಲ್ಲ, ಸೊಪ್ಪು ನೀನೇ ಮಾರು ಅಂದ್ಳು."

ನಾನು ತಿರುಗಿ ಹೋದೆ. ಗಂಗಕ್ಕ ಕಣ್ಣು ಕೆಂಪು ಮಾಡಿಕೊಂಡು ಜಗಲಿಯಲ್ಲಿ ಕುಂತಿದ್ದಳು. ಭಾಸ್ಕರರ ಹತ್ತಿರ ಹೋಗಲು ಹೆದರಿಕೆಯಾಗಿ ಚಂದನಾಳ ಹತ್ತಿರ ಹೋದೆ. "ತಂಗೀ, ಅತ್ತೆ ಬೈದದ್ದನ್ನ ನೀನೇ ಸಣ್ಣ ದನಿಯಲ್ಲಿ ತಿರುಗಿ ಹೇಳ್ತ್ಯಾ?"

"ಆತು" ಅಂದಳು ಆ ಹುಡುಗಿ, ನಮ್ಮ ಹಾಗೇ. ಎರಡು ದಿನದಲ್ಲಿ ಕಲಿತಿದ್ದಳು.

ಗಂಗಕ್ಕ ಬೈದಳು. ಹುಡುಗಿ ತಲೆ ತಗ್ಗಿಸಿ, ತನ್ನನ್ನು ತಾನೇ ಬೈದುಕೊಂಡ ಹಾಗೆ, ಅದೇ ಸಾಲು ಮೆಲ್ಲಗೆ ಹೇಳಿದಳು. ಸೊಲ್ಲು ಹಿಡಿದವರು ಸಿಕ್ಕಿದ್ದೇ ತಡ, ಗಂಗಕ್ಕ ಬೈದದ್ದೇ ಬೈದದ್ದು. ಹನ್ನೆರಡು ಸಾಲು! ಭಾಸ್ಕರರು ಕಟ್ ಅನ್ನುವುದನ್ನೇ ಮರೆತರು. ಲೈಟು ಹಿಡಿದವನು ಕಣ್ಣೊರೆಸಿಕೊಂಡ. ನಾನು ಮಾತ್ರ ಬೇಲಿಯ ಗೂಟ ಕಚ್ಚಿಕೊಂಡು ನಿಂತಿದ್ದೆ.

ಮೂರು ತಿಂಗಳಿಗೆ ಅದು ಟೀವಿಯಲ್ಲಿ ಬಂತು. ಮುಂದಿನ ಸಂತೆಗೆ ಗಂಗಕ್ಕ ಮೊದಲ ಬಸ್ಸಿಗೇ ಹೊರಟಳು. ಬುಟ್ಟಿ ಇಳಿಸಿದ್ದೇ ತಡ ಒಬ್ಬ ಹೆಂಗಸು ಹರಿವೆ ಕಟ್ಟೊಂದನ್ನು ಎತ್ತಿಕೊಂಡು ಗಂಗಕ್ಕನ ಮುಖ ಬಗ್ಗಿ ನೋಡಿದಳು. "ಟೀವಿಯ ಅತ್ತೆ ನೀವೇ ಅಲ್ವಾ?"

ಗಂಗಕ್ಕ ಕೊರಳ ಮಣಿ ಸರಿ ಮಾಡಿಕೊಂಡಳು. "ಹೌದು, ನಾನೇ!"

"ಒಂದು ಕೊಡಕ್ಕೆ ಆ ಪಾಪದ ಹುಡುಗಿಗೆ ಹಾಂಗೆ ಬಯ್ಯೂದಾ?"

"ಹಾಂಗೆ ಬಯ್ಯೂದಾ?" ಅಂದುಬಿಟ್ಟೆ ನಾನು.

ಹೆಂಗಸು ಹರಿವೆ ಕಟ್ಟನ್ನು ಬುಟ್ಟಿಗೆ ಕುಕ್ಕಿ ಪಕ್ಕದವಳ ಹತ್ತಿರ ಹೋದಳು. ಗಂಗಕ್ಕ ನನಗೆ ಬೈಯುತ್ತಾಳೆ ಅಂದುಕೊಂಡೆ. ಅವಳು ಹಲ್ಲಿಲ್ಲದ ಸಂದಿ ಕಾಣುವ ಹಾಗೆ ನಗುತ್ತಿದ್ದಳು.

"ಗುರ್ತು ಹಿಡಿದ್ಳಲೇ ಮಾದಿ!"

"ಗುರ್ತು ಹಿಡಿದ್ಳು" ಅಂದೆ.