ಬಾಟಲಿಯಮ್ಮನ ಬಿಳಿ ಕಂಬ

ನಮ್ಮ ದೊಡ್ಡಮ್ಮ ಇಪ್ಪತ್ತೆಂಟು ವರ್ಷ ನದಿಯ ನೀರನ್ನು ಬಾಟಲಿಗೆ ತುಂಬಿ ಅಳೆದಳು. ಗೊಬ್ಬರದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳ ಕೆಲಸ ಅದೇ. ವಾರಕ್ಕೆ ಎರಡು ಸಲ ರಬ್ಬರ್ ಬೂಟು ಹಾಕಿಕೊಂಡು ದಡ ಇಳಿಯುವುದು, ಬಿಳಿ ಬಣ್ಣ ಬಳಿದ ಕಬ್ಬಿಣದ ಕಂಬದ ಪಕ್ಕ ನಿಲ್ಲುವುದು, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ನಾಲ್ಕನೆಯ ಸಲ ತುಂಬಿ ಮುಚ್ಚುವುದು. ಕಾರ್ಖಾನೆಯವರು ಅವಳನ್ನು ಬಾಟಲಿಯಮ್ಮ ಎಂದೇ ಕರೆಯುತ್ತಿದ್ದರು. ಹೊಸಬರು ಕೇಳಿದರೆ ಅಪಾರ್ಥ ಮಾಡಿಕೊಳ್ಳುವಂಥ ಹೆಸರು, ಅವಳಿಗೆ ಮಾತ್ರ ಅದರ ಬಗ್ಗೆ ಹೆಮ್ಮೆ. "ನನ್ನ ಸರ್ವೀಸಲ್ಲಿ ಒಂದೇ ಒಂದು ಸುಳ್ಳು ನಂಬರ್ ಬರ್ದಿಲ್ಲ ಕಣೇ" ಎಂದು ನನಗೆ ಎಷ್ಟು ಸಲ ಹೇಳಿದ್ದಾಳೋ. ಅದು ನಿಜ. ಆ ಹೆಮ್ಮೆಯೇ ಅವಳನ್ನು ತಿಂದಿತು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅವಳ ಸರ್ವೀಸಿನ ಮೊದಲ ಹದಿನಾರು ವರ್ಷ ಕಾರ್ಖಾನೆ ಸರ್ಕಾರದ್ದು. ಎಲ್ಲವೂ ದುಡಿಯುವವರದೇ ಎಂದು ಗೋಡೆಗೋಡೆಯ ಮೇಲೆ ಬರೆದಿದ್ದ ಕಾಲ. ಆಮೇಲೆ ಆ ಆಡಳಿತ ಬಿತ್ತು, ಧ್ವಜ ಬದಲಾಯಿತು, ಕಾರ್ಖಾನೆಯನ್ನು ಒಂದು ಕಂಪನಿ ಕೊಂಡುಕೊಂಡಿತು. ಗೋಡೆಗೆ ಹೊಸ ಸುಣ್ಣ, ಗೇಟಿಗೆ ಹೊಸ ಬೋರ್ಡು. ದೊಡ್ಡಮ್ಮ ಮತ್ತು ಅವಳ ಕಂಬ ಮಾತ್ರ ಇದ್ದಲ್ಲೇ ಇದ್ದವು.

ನಮ್ಮ ದೊಡ್ಡಪ್ಪ ಹಳೆಯ ಕಾಲದ ಫೋರ್‌ಮನ್. ಮೂವತ್ತಮೂರು ವರ್ಷದ ಹಿಂದೆ ಅವರ ವಿಭಾಗಕ್ಕೆ ಸಿಕ್ಕಿದ ಪದಕವನ್ನು ಊಟದ ಮೇಜಿನ ಮೇಲ್ಗಡೆಯೇ ಮೊಳೆ ಹೊಡೆದು ತೂಗುಹಾಕಿದ್ದರು. ಉತ್ಪಾದನೆಯ ಗುರಿ ಮೀರಿದ್ದಕ್ಕೆ, ಅದೂ ನದಿಯನ್ನು ಕೆಡಿಸದೆ ಮೀರಿದ್ದಕ್ಕೆ ಕೊಟ್ಟ ಪದಕ. ಅವರ ಅಳಿಯ, ಅಂದರೆ ನಮ್ಮ ಭಾವ, ಈಗ ಕಂಪನಿಯ ಪ್ರಯೋಗಾಲಯದಲ್ಲಿ ದೊಡ್ಡಮ್ಮನ ಕುರ್ಚಿಯಲ್ಲೇ ಕೂರುತ್ತಾನೆ. ಬಾಟಲಿ ಮೂರು ಸಲ ತೊಳೆಯುವುದನ್ನು ಅವನಿಗೆ ಕಲಿಸಿಕೊಟ್ಟವಳು ಅವಳೇ. ಮಾವ ಅಳಿಯ ಭಾನುವಾರದ ಊಟಕ್ಕೆ ಎದುರುಬದುರು ಕೂತರೆಂದರೆ ಎತ್ತು ಏರಿಗೆ, ಕೋಣ ನೀರಿಗೆ.

"ನಮ್ಮ ಕಾಲ್ದಲ್ಲಿ ನದಿ ನಮ್ದಾಗಿತ್ತಪ್ಪ. ಯಾರಾದ್ರೂ ಅವರ ಮನೆ ನೀರಿಗೆ ಅವರೇ ವಿಷ ಹಾಕ್ಕೋತಾರಾ? ಲಾಭ ತಿನ್ನೋನಿಗೆ ನದಿ ಯಾಕೆ ಬೇಕು?" ಎನ್ನುವರು ದೊಡ್ಡಪ್ಪ.

"ನಿಮಗೆ ಲಾಭ ಇರ್ಲಿಲ್ಲ ಮಾವ, ಗುರಿ ಇತ್ತು. ಲಾಭಕ್ಕೆ ಅಣ್ಣ ಅದು. ನಂಬರೆಲ್ಲ ಬೀರುನಲ್ಲಿಟ್ಟು ಬೀಗ ಹಾಕ್ತಿದ್ರಿ. ನಾವು ಪುಸ್ತಕ ಮಾಡಿ ಹಂಚ್ತೀವಿ."

"ಹಂಚಿ, ಹಂಚಿ. ಪುಸ್ತಕದ ಮೇಲೆ ಎಲೆ ಚಿತ್ರ ಹಾಕಿದ್ರೆ ಹೊಗೆ ಹಸಿರಾಗುತ್ತಾ?"

ಕೊನೆಗೆ ಇಬ್ಬರೂ ಬಂದು ನಿಲ್ಲುವುದು ದೊಡ್ಡಮ್ಮ ಅಳೆದ ಅಂಕಿಗಳ ಹತ್ತಿರವೇ. ಗೊಬ್ಬರದ ಕಾರ್ಖಾನೆಯಿಂದ ನೀರಿಗೆ ಸೇರುವುದು ನೈಟ್ರೇಟ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಐವತ್ತು ಮಿಲಿಗ್ರಾಂ ದಾಟಬಾರದು. ಸರ್ಕಾರದ ಕಾಲದಲ್ಲಿ ಬಿಳಿ ಕಂಬದ ಹತ್ತಿರ ಒಂಬತ್ತು ಇತ್ತು, ಕಂಪನಿಯ ಕಾಲದಲ್ಲಿ ಏಳು. ಒಂಬತ್ತಕ್ಕೆ ದೊಡ್ಡಪ್ಪನ ಜಯಕಾರ, ಏಳಕ್ಕೆ ಭಾವನದು. ಅಷ್ಟು ಹೊತ್ತಿಗೆ ದೊಡ್ಡಮ್ಮ ಎದ್ದುಹೋಗಿ ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಗಂಡಸರ ಜಗಳ ಬೇಸರ ಎಂದು ನಾನು ಅಂದುಕೊಂಡಿದ್ದೆ.

ಅವಳ ಮಗಳು, ನಮ್ಮ ಅಕ್ಕ, ಭಾವನನ್ನು ಮದುವೆಯಾದ ಮೇಲೆ ನದಿಗೆ ಅಂಟಿಕೊಂಡ ಕೆಳಗಿನ ಬೀದಿಯಲ್ಲಿ ಸಂಸಾರ ಹೂಡಿದಳು. ಅಲ್ಲಿ ನಲ್ಲಿಯಿಲ್ಲ, ನಾಲ್ಕು ಮನೆಗೊಂದು ಬಾವಿ. ಐದು ವರ್ಷದ ಹಿಂದೆ ಅಕ್ಕನ ಮೊದಲ ಮಗು ಎರಡು ತಿಂಗಳಿಗೆ ತೀರಿಕೊಂಡಿತು. ಎದೆಹಾಲು ಸಾಲದೆ ಪುಡಿಹಾಲು ಹಾಕುತ್ತಿದ್ದರು. ಒಂದು ಬೆಳಿಗ್ಗೆ ಮಗುವಿನ ತುಟಿ, ಉಗುರು ನೀಲಿಯಾದವು. ಹೃದಯದ ತೊಂದರೆ ಎಂದರು ಡಾಕ್ಟರು. ದೊಡ್ಡಮ್ಮ ಅಳಲಿಲ್ಲ. ಭಾವನ ಕೈಹಿಡಿದು ಬಾವಿಯ ನೀರು ಪರೀಕ್ಷೆ ಮಾಡಿಸಿಕೊಡಿ ಎಂದಳು. ಅವನು ನಿಟ್ಟುಸಿರಿಟ್ಟು, "ಹೊರಗಿನ ನೀರು ಲ್ಯಾಬಲ್ಲಿ ತಗೊಳ್ಳಲ್ಲ ಅತ್ತೆ. ನದೀಲೇ ಏಳಿದೆ. ನದಿ ಪಕ್ಕದ ಬಾವಿಗೆ ಎಲ್ಲಿಂದ ಬರುತ್ತೆ, ನೀವೇ ಹೇಳಿ" ಎಂದ. ಅವಳು ಅವನ ಕೈ ಬಿಟ್ಟಳು.

ಅಂದಿನಿಂದ ದಿನ ಬಿಟ್ಟು ದಿನ ಮೇಲಿನ ಬೀದಿಯ ನಲ್ಲಿಯಿಂದ ಒಂದು ಕ್ಯಾನು ನೀರು ಹೊತ್ತು ಮಗಳ ಮನೆಗೆ ಹೋಗುತ್ತಿದ್ದಳು. ಅಕ್ಕನಿಗೆ ನಗು. ಅಮ್ಮನಿಗೆ ಮಂಡಿನೋವು ಸಾಲದು ಅಂತ ಬೆನ್ನುನೋವೂ ಬೇಕಂತೆ ಎನ್ನುತ್ತಿದ್ದಳು. ಆ ಕ್ಯಾನು ಅಡುಗೆಮನೆಯ ಮೂಲೆ ಸೇರುತ್ತಿತ್ತು, ಅಕ್ಕ ಅವಸರಕ್ಕೆ ಬಾವಿಯ ನೀರನ್ನೇ ಬಳಸುತ್ತಿದ್ದಳು.

ಮೊದಲ ಮಗು ಹೋಗಿ ಮೂರು ವರ್ಷಕ್ಕೆ ಅಕ್ಕನಿಗೆ ಮತ್ತೆ ಏಳು ತಿಂಗಳು. ಅದೇ ಹೊತ್ತಿಗೆ ಕೆಳಗಿನ ಬೀದಿಯವರು ಸೇರಿ ಅರ್ಜಿ ಕೊಟ್ಟರು, ಮೂವರ ವಿಚಾರಣಾ ಮಂಡಳಿ ಬಂತು. ನದಿ ಕೆಟ್ಟಿದೆ ಎಂದಾದರೆ ಬಾವಿಗಳಿಗೆ ಬೀಗ, ಬೀದಿಗೆ ನಲ್ಲಿ. ಕೆಟ್ಟಿಲ್ಲ ಎಂದಾದರೆ ಇದ್ದದ್ದು ಇದ್ದ ಹಾಗೆ. ಟೌನ್ ಆಫೀಸಿನಲ್ಲಿ ಹೇಳಿಕೆ ಬರೆದುಕೊಳ್ಳುವ ಕೆಲಸ ನನ್ನದು, ಹಾಗಾಗಿ ಆ ವಿಚಾರಣೆಗೂ ನಾನೇ. ಹಿಂದಿನ ದಿನ ಮಧ್ಯಾಹ್ನ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

"ಆ ಕಂಬ ಮೊದ್ಲು ಅಲ್ಲಿರ್ಲಿಲ್ಲ" ಎಂದಳು.

ಪದಕದ ವರ್ಷ. ನದಿಗೆ ಕಾರ್ಖಾನೆಯ ಕೊಳವೆ ಎರಡು. ಒಂದು ಯಂತ್ರ ತಣಿಸಿದ ನೀರಿನದು, ದಡದ ಮೇಲೆ ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಕೊಳಕಿನದು, ಮಣ್ಣಿನಡಿ ಸಾಗಿ ಹರಿವಿನಲ್ಲಿ ಇನ್ನೂ ಕೆಳಗೆ, ನೀರಿನೊಳಗೇ ಬಾಯಿ ಬಿಡುತ್ತದೆ. ಕಂಬ ಆಗ ಎರಡಕ್ಕೂ ಕೆಳಗಿತ್ತು, ಅವಳು ನೂರ ನಲವತ್ತು ಎಂದು ಬರೆದಳು. ಮ್ಯಾನೇಜರು ಕರೆಸಿದರು. ಬೈಯಲಿಲ್ಲ, ಕುರ್ಚಿ ಕೊಟ್ಟರು. 'ಸುಳ್ಳು ಬರೀಬೇಡಿ ತಾಯಿ. ನಿಜವಾಗೇ ಅಳೀರಿ. ಸ್ವಲ್ಪ ಮೇಲೆ ಹೋಗಿ ಅಳೀರಿ, ಅಷ್ಟೇ. ಈ ತಿಂಗಳು ಮಾತ್ರ.' ಇಡೀ ವಿಭಾಗಕ್ಕೆ ಪದಕ ಬರುವುದಿತ್ತು, ಆ ವಿಭಾಗದಲ್ಲಿ ಅವಳ ಗಂಡ ಇದ್ದರು. ಅವಳೇ ಕಂಬ ಕಿತ್ತು, ಕಾಣುವ ಕೊಳವೆಗೂ ಕಾಣದ ಕೊಳವೆಗೂ ನಡುವೆ ನೆಟ್ಟಳು. ಒಂಬತ್ತು ಬಂತು. ನಿಜವಾದ ಒಂಬತ್ತು. ಆ ತಿಂಗಳು ಕಳೆಯಿತು, ಕಂಬವನ್ನು ವಾಪಸು ನೆಡಿ ಎಂದು ಯಾರೂ ಹೇಳಲಿಲ್ಲ.

"ಕಂಪನಿ ಬಂದ್ಮೇಲಾದ್ರೂ ಹೇಳ್ಬಹುದಿತ್ತಲ್ಲ ದೊಡ್ಡಮ್ಮ" ಎಂದೆ. ನನಗೆ ಕೋಪ ಬಂದಿತ್ತು.

"ಹೇಳೋಣ ಅಂತ್ಲೇ ಹೋದೆ. ಅವರ ದೊಡ್ಡ ಸಾಹೇಬ್ರು ಕಂಬದ ಫೋಟೋ ತೆಗೆಸ್ತಿದ್ರು. ಜಾಗ ಬದಲಾಯಿಸ್ಬೇಡಿ, ಹಳೇದಕ್ಕೂ ಹೊಸದಕ್ಕೂ ಹೋಲಿಕೆ ನ್ಯಾಯವಾಗಿರ್ಬೇಕು ಅಂದ್ರು. ಸುಮ್ನೆ ವಾಪಸ್ ಬಂದೆ."

ಆ ಹಳೆಯ ಆಡಳಿತ ಕೊಳವೆಗಳ ನಕ್ಷೆಯನ್ನು ಗುಟ್ಟಿನ ಕಾಗದವೆಂದು ಬೀಗ ಹಾಕಿಟ್ಟು ಕಳೆದುಹಾಕಿತ್ತು. ಕಂಪನಿಯವರಿಗೆ ಎರಡನೆಯ ಕೊಳವೆ ಗೊತ್ತಿರಲಿಲ್ಲವಂತೆ. ಕೊಳಕು ಎಲ್ಲಿಗೆ ಹೋಗುತ್ತಿದೆ ಎಂದು ಇಷ್ಟು ವರ್ಷವೂ ಕೇಳದೆ ಇರುವುದಕ್ಕೂ ಒಂದು ಜಾಣತನ ಬೇಕು ಎನ್ನುತ್ತೇನೆ ನಾನು.

ಆಮೇಲೆ ಅವಳು ಒಲೆಯ ಕಡೆ ತಿರುಗಿ ಹೇಳಿದಳು. "ಆ ಮಗೂಗೆ ಹಾಲು ಕಲೆಸ್ತಿದ್ದೋಳು ನಾನೇ. ಬಾವಿ ನೀರು ಅಂತ ಚೆನ್ನಾಗಿ ಕುದಿಸ್ತಿದ್ದೆ, ಹೊತ್ತು ಹೊತ್ತು ಕುದಿಸ್ತಿದ್ದೆ. ಕುದಿಸಿದ್ರೆ ನೈಟ್ರೇಟ್ ಹೋಗಲ್ಲ, ಗಟ್ಟಿಯಾಗುತ್ತೆ. ಎಳೆಮಕ್ಕಳ ಮೈ ನೀಲಿ ಮಾಡೋದೂ ಅದೇ. ಅದು ನಂಗೆ ಗೊತ್ತಿತ್ತು. ಬಾವಿವರೆಗೂ ಬಂದಿರಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ."

ಮರುದಿನ ಟೌನ್ ಆಫೀಸಿನ ಉದ್ದನೆಯ ಕೋಣೆಯಲ್ಲಿ ಒಂದು ಗಂಟೆ ಕಾಲ ಒಂಬತ್ತಕ್ಕೂ ಏಳಕ್ಕೂ ಯುದ್ಧ ನಡೆಯಿತು. ಹಳೆಯ ಸಂಘದ ಮುಖಂಡರೊಬ್ಬರು ಸಮಾಜದ ಆಸ್ತಿಯ ಬಗ್ಗೆ ಮಾತಾಡಿದರು, ಕಂಪನಿಯ ವಕೀಲರು ಪಾರದರ್ಶಕತೆಯ ಬಗ್ಗೆ. ಇಬ್ಬರೂ ಚೆನ್ನಾಗಿಯೇ ಮಾತಾಡಿದರು, ನಾನು ಇಬ್ಬರದನ್ನೂ ಬರೆದುಕೊಂಡೆ. ದೊಡ್ಡಪ್ಪ ಎದೆಗೆ ಪದಕ ಸಿಕ್ಕಿಸಿಕೊಂಡು ಬಂದಿದ್ದರು. ಅಕ್ಕ ಮೂರನೆಯ ಸಾಲಿನಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಅಧ್ಯಕ್ಷರು ಕನ್ನಡಕ ತೆಗೆದು, "ಎರಡೂ ಕಾಲದಲ್ಲಿ ಮಿತಿಯೊಳಗೇ ಇದೆ. ಬಾವಿ ಮುಚ್ಚಿಸೋಕೆ ಕಾರಣ ಕಾಣ್ತಿಲ್ಲ" ಎಂದು ಫೈಲಿನ ದಾರ ಕಟ್ಟತೊಡಗಿದರು.

ನಾನು ದೊಡ್ಡಮ್ಮನ ಕಡೆ ನೋಡಿದೆ. ಅವಳು ಏಳಲಿಲ್ಲ. ದಾರದ ಒಂದು ಗಂಟು ಬಿತ್ತು. ಎರಡನೆಯ ಗಂಟಿಗೆ ಅವಳು ಎದ್ದಳು.

"ಸ್ವಾಮಿ, ಆ ನಂಬರೆಲ್ಲ ಸರಿ. ಕಂಬ ಇರೋ ಜಾಗ ತಪ್ಪು. ಅದನ್ನ ಕಿತ್ತು ನೆಟ್ಟೋಳು ನಾನು."

ಅವಳು ಎಲ್ಲವನ್ನೂ ಹೇಳಿದಳು, ಕೊಳವೆ, ಮ್ಯಾನೇಜರು, ಪದಕ. ದೊಡ್ಡಪ್ಪ ತಲೆಯೆತ್ತಲಿಲ್ಲ. ವಕೀಲರು ನಗುತ್ತಾ, "ನೀರಿನಡಿ ಕೊಳವೆ! ನಕ್ಷೆಯಲ್ಲಿಲ್ಲ, ಕಣ್ಣಿಗೂ ಕಾಣಲ್ಲ. ತೋರಿಸ್ತೀರಾ?" ಎಂದರು.

ಎಲ್ಲರೂ ದಡಕ್ಕೆ ಹೊರಟೆವು. ಅವಳಿಗೆ ನೆನಪಿದ್ದದ್ದು ಒಂದು ಮರದ ಗುರುತು, ಮರ ಯಾವಾಗಲೋ ಹೋಗಿತ್ತು. ದಡ ಕುಸಿದು ಬೇರೆಯೇ ಆಕಾರ ತಾಳಿತ್ತು. ಇಲ್ಲಿ ಎಂದಳು, ಭಾವ ಉದ್ದನೆಯ ಕೋಲು ಇಳಿಸಿ ತಡಕಾಡಿದ, ಬರೀ ಕೆಸರು. ಅಲ್ಲಿ ಎಂದಳು, ಅಲ್ಲೂ ಇಲ್ಲ. ಬೂಟಿಲ್ಲದೆ ಬರಿಗಾಲಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದಳು. ಸೀರೆಯ ಅಂಚು ಕೆಸರಾಗಿತ್ತು. ವಕೀಲರು ಗಡಿಯಾರ ನೋಡಿಕೊಂಡರು. "ಮೂವತ್ತೊಂದು ವರ್ಷದ ಮಾತಮ್ಮ, ವಯಸ್ಸಾಗಿದೆ, ಮರೆತಿರ್ತೀರಿ" ಎಂದರು ಅಧ್ಯಕ್ಷರು. ಅವರ ದನಿಯಲ್ಲಿ ಕನಿಕರವಿತ್ತು, ನನಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ಅವರು ಜೀಪಿನ ಕಡೆ ತಿರುಗಿದರು.

"ಇನ್ನೂ ಹನ್ನೆರಡು ಹೆಜ್ಜೆ ಕೆಳಗೆ."

ದೊಡ್ಡಪ್ಪ. ದಡದ ಮೇಲೆ ಒಬ್ಬರೇ ನಿಂತಿದ್ದರು. "ಆ ದೊಡ್ಡ ಕಲ್ಲಿನ ನೇರಕ್ಕೆ, ಆಳಿನುದ್ದ ಆಳದಲ್ಲಿ. ಆ ಕೊಳವೆ ಹಾಕಿಸಿದ್ದು ನಾನು."

ಭಾವ ಕೋಲು ಇಳಿಸಿದ. ಕಬ್ಬಿಣಕ್ಕೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು.

ದೊಡ್ಡಮ್ಮ ನೀರಿನಲ್ಲೇ ನಿಂತು ಗಂಡನನ್ನು ನೋಡಿದಳು. "ಕಂಬ ಜಾಗ ಬದಲಾಯಿಸಿದ್ದು ನಿಮಗೆ ಗೊತ್ತಿತ್ತಾ?"

"ಪದಕ ಬಂದ ದಿನಾನೇ ಗೊತ್ತಿತ್ತು. ನಿಂಗೆ ನಾಚಿಕೆಯಾಗುತ್ತೆ ಅಂತ ಕೇಳ್ಲಿಲ್ಲ."

"ನಿಮಗೆ ನೋವಾಗುತ್ತೆ ಅಂತ ನಾನು ಹೇಳ್ಲಿಲ್ಲ."

ಒಂದೇ ಮೇಜಿನ ಮೇಲೆ ಮೂವತ್ತೊಂದು ವರ್ಷ ಉಂಡ ಗಂಡಹೆಂಡತಿ. ನನಗೆ ಅವರ ಮೇಲೆ ಸಿಟ್ಟು, ಮರುಕ ಎರಡೂ ಒಟ್ಟಿಗೇ ಬಂದವು.

ಭಾವ ಅಲ್ಲೇ ಬಾಟಲಿ ತುಂಬಿದ. ಮೂರು ಸಲ ತೊಳೆದೇ ತುಂಬಿದ. ಕೊಳವೆಯ ಕೆಳಗೆ ನೂರ ಎಂಬತ್ತು ಬಂತು, ಅಕ್ಕನ ಮನೆಯ ಬಾವಿಯಲ್ಲಿ ನೂರ ಹನ್ನೆರಡು. ಮೂರೇ ದಿನಕ್ಕೆ ಬಾವಿಗಳಿಗೆ ಬೀಗ ಬಿತ್ತು, ಆರು ವಾರಕ್ಕೆ ಬೀದಿಗೆ ನಲ್ಲಿ ಬಂತು. ತಪ್ಪು ಹಳೆಯ ಸರ್ಕಾರದ್ದೋ ಹೊಸ ಕಂಪನಿಯದ್ದೋ ಎಂಬ ವಾದ ಇನ್ನೂ ನಡೆದಿದೆ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವಂತೆ ಕಾಣುವುದಿಲ್ಲ. ಮೊದಲ ಮಗು ಹೋದದ್ದು ಆ ನೀರಿನಿಂದಲೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಅಲ್ಲ ಎಂದೂ ಹೇಳಲಾರರು.

ಅಕ್ಕ ಅಂದು ದಡದಿಂದ ನೇರ ತನ್ನ ಮನೆಗೆ ಹೋದಳು. ಹೆರಿಗೆಗೆ ತವರಿಗೆ ಬರಲಿಲ್ಲ. ಹೆಣ್ಣು ಮಗು, ಗುಂಡುಕಲ್ಲಿನ ಹಾಗಿದೆ, ಈಗ ಎರಡು ವರ್ಷ. ಮಗುವಿಗೆ ಮಾತು ಬಂದ ಮೇಲೆ ಅಕ್ಕ ಮತ್ತೆ ಭಾನುವಾರ ಊಟಕ್ಕೆ ಬರತೊಡಗಿದಳು. ಗೋಡೆಯಲ್ಲಿ ಈಗ ಮೊಳೆ ಮಾತ್ರ ಇದೆ. ಮಾವ ಅಳಿಯ ಹವಾಮಾನದ ಬಗ್ಗೆ ಮಾತಾಡುತ್ತಾರೆ. ನಗು ಕೂಡ ಇರುತ್ತದೆ. ಆದರೆ ದೊಡ್ಡಮ್ಮ ಮೊಮ್ಮಗಳ ಕೈಗೆ ನೀರಿನ ಲೋಟ ಕೊಡಲು ಹೋದಾಗ ಪ್ರತಿ ಸಲವೂ ಅಕ್ಕ ಅವಳ ಕೈಹಿಡಿದು ನಿಲ್ಲಿಸುತ್ತಾಳೆ.

"ಎಲ್ಲಿಂದ ತಂದಿದ್ದಮ್ಮ?"

"ಮೇಲಿನ ಬೀದಿ ನಲ್ಲೀದು" ಎನ್ನುತ್ತಾಳೆ ದೊಡ್ಡಮ್ಮ. ಪ್ರತಿ ಸಲವೂ ಹೇಳುತ್ತಾಳೆ. ಅಕ್ಕ ಮೊದಲು ತಾನು ಒಂದು ಗುಟುಕು ಕುಡಿದು, ಆಮೇಲೆ ಲೋಟವನ್ನು ಮಗುವಿಗೆ ಕೊಡುತ್ತಾಳೆ.